ಆಕ್ಸಿಜನ್ ಕಾನ್ಸನ್‌ಟ್ರೇಟರ್: ವೃದ್ಧಾಶ್ರಮಗಳಲ್ಲಿ ನಿರ್ವಹಣೆ

ಕೋಣೆಯ ಗಾಳಿಯನ್ನು ಒಳಗೆಳೆದು, ಅದರ ಸಾರಜನಕವನ್ನು ಜಿಯೋಲೈಟ್ ಹರಳುಗಳಲ್ಲಿ ಹಿಡಿದಿಟ್ಟು, ಸುಮಾರು 90% ಆಮ್ಲಜನಕವನ್ನು ಮೂಗಿನ ನಳಿಕೆಗೆ ಕಳಿಸುವ ವಿದ್ಯುತ್ ಯಂತ್ರ. ದೀರ್ಘಕಾಲದ ಶ್ವಾಸಕೋಶ ಕಾಯಿಲೆಯ ಕೆಲವು ಹಿರಿಯರಿಗೆ ಇದು ದಿನಕ್ಕೆ 15 ಗಂಟೆಗೂ ಹೆಚ್ಚು ಬೇಕಾಗುತ್ತದೆ. ಗಾಳಿಯ ಫಿಲ್ಟರನ್ನು ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿಯೇ ಕೂಡಿಸಬೇಕು.

ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಆಮ್ಲಜನಕಕ್ಕೆ ತೇವ ಕೊಡುವ ನೀರಿನ ಬಾಟಲಿ. ಉಳಿದ ನೀರಿಗೇ ಹೊಸ ನೀರು ಸುರಿಯುವ ಅಭ್ಯಾಸ ಸಲ್ಲದು. ನಿಂತ ನೀರಿನ ಬ್ಯಾಕ್ಟೀರಿಯಾ ಶ್ವಾಸಕೋಶ ಸೇರಬಲ್ಲದು. ದಿನವೂ ಹಳೆಯದನ್ನು ಚೆಲ್ಲಿ, ಬಾಟಲಿ ತೊಳೆದು, ಡಿಸ್ಟಿಲ್ಡ್ ವಾಟರನ್ನು ಬಾಟಲಿಯ ಗರಿಷ್ಠ ಮಟ್ಟದ ಗೆರೆ ಮೀರದಂತೆ ತುಂಬಬೇಕು.

ಆಮ್ಲಜನಕ ತಾನೇ ಉರಿಯದು, ಉರಿಯುವುದನ್ನು ಭುಗಿಲೆಬ್ಬಿಸುತ್ತದೆ. ಹಾಸಿಗೆಯ ಮೇಲೆ ಬಿಟ್ಟ ನಳಿಕೆಯಿಂದ ಅದು ಹೊದಿಕೆಯೊಳಗೂ ತುಂಬಿಕೊಳ್ಳುತ್ತದೆ. ಆದ್ದರಿಂದ ಬಳಸದಾಗ ಯಂತ್ರವನ್ನು ಆರಿಸಬೇಕು. ಬೀಡಿ, ದೀಪ, ಊದುಬತ್ತಿ ಆ ಕೋಣೆಯಲ್ಲಿ ಇರಲೇಕೂಡದು. ಪೂಜೆ ಬಿಡಲಾರದ ಹಿರಿಯರನ್ನು ಗದರುವುದು ತರವಲ್ಲ. ದೇವರ ಪಟ ಅಲ್ಲೇ ಇರಲಿ, ದೀಪ ಹಚ್ಚುವ ಜಾಗವನ್ನು ಬೇರೆಡೆ ಮಾಡಿಕೊಡಬೇಕು. ಬೆಂಕಿಯ ಭಯದಿಂದಲೇ ಒಣಗಿದ ಮೂಗಿಗೆ ಪೆಟ್ರೋಲಿಯಂ ಜೆಲ್ಲಿಯನ್ನೂ ಹಚ್ಚಬಾರದು.

ಕರೆಂಟ್ ಹೋದಾಗ ನೆರವಿಗಿರುವ ಆಮ್ಲಜನಕ ಸಿಲಿಂಡರನ್ನು (ಭಾರತದಲ್ಲಿ ಕಪ್ಪು ಮೈ, ಬಿಳಿ ಕತ್ತು) ಗೋಡೆಗೆ ಸರಪಳಿ ಬಿಗಿದು ನೆಟ್ಟಗೆ ನಿಲ್ಲಿಸಬೇಕು. ಬೆಂಕಿಯ ಅಪಾಯ ಇಲ್ಲೂ ಇರುವುದರಿಂದ ಎಣ್ಣೆ ಕೈಯಲ್ಲಿ ಅದರ ವಾಲ್ವ್ ಮುಟ್ಟಬಾರದು.