ಶ್ರುತಿ ಹಿಡಿದು ಕೂತವರು

ಸಂಗೀತ ಕಚೇರಿಯ ಆಮಂತ್ರಣ ಪತ್ರಿಕೆಯಲ್ಲಿ ಹಾಡುವವರ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ. ಅದರ ಕೆಳಗೆ ಪಿಟೀಲು, ಮೃದಂಗ, ಘಟ ಅಥವಾ ತಬಲಾ, ಹಾರ್ಮೋನಿಯಂ ನುಡಿಸುವವರ ಹೆಸರುಗಳು. ತಂಬೂರಿ ಮೀಟುವವರ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ಆದರೆ ಕಚೇರಿಯಲ್ಲಿ ಮೊದಲು ಹುಟ್ಟುವ ದನಿ ಅವರದು, ಕೊನೆಗೆ ನಿಲ್ಲುವ ದನಿಯೂ ಅವರದೇ. ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ನಮ್ಮ ಕಿವಿಗೆ ಸಂಬಂಧಿಸಿದ ಯಂತ್ರಗಳು ಒಂದರ ಹಿಂದೊಂದು ಬಂದವು: ಗ್ರಾಮಫೋನು, ಮೈಕು, ರೇಡಿಯೋ, ಸಿಂಥಸೈಜರ್, ಈಗ ಫೋನಿನ ಆ್ಯಪು. ಇವೆಲ್ಲ ಹಾಡುಗಾರರಿಗೆ ಏನು ಮಾಡಿದವು ಎಂಬ ಕತೆಯನ್ನು ಬಹಳ ಜನ ಬರೆದಿದ್ದಾರೆ. ಹಿಂದೆ ಕೂತು ನಾಲ್ಕು ತಂತಿ ಮೀಟುತ್ತಿದ್ದವರಿಗೆ ಏನಾಯಿತು ಎಂದು ಕೇಳಿದರೆ ಅದೇ ಚರಿತ್ರೆ ಸ್ವಲ್ಪ ಬೇರೆಯಾಗಿ ಕಾಣುತ್ತದೆ ಎಂದು ನನಗೆ ಅನ್ನಿಸುತ್ತದೆ.

ಈಗಿನ ಸ್ಥಿತಿ ಹೀಗಿದೆ. ನಾನಿರುವ ಬೀದಿಯಲ್ಲಿ ಬೆಳಿಗ್ಗೆ ಆರರಿಂದ ಏಳರ ಒಳಗೆ ಮೂರು ಮನೆಗಳಿಂದ ಶ್ರುತಿ ಕೇಳಿಸುತ್ತದೆ. ಒಂದು ಮನೆಯದು ಹಳೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಇನ್ನೊಂದರಲ್ಲಿ ಫೋನನ್ನು ಸ್ಪೀಕರಿಗೆ ಜೋಡಿಸಿರುತ್ತಾರೆ. ಮೂರನೆಯ ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿ ಆನ್‌ಲೈನ್ ಪಾಠಕ್ಕೆ ಕೂರುತ್ತಾಳೆ, ಅವಳ ಶ್ರುತಿ ಬರುವುದು ಲ್ಯಾಪ್‌ಟಾಪಿನಿಂದ. ಮೂರು ಮನೆಗಳಲ್ಲೂ ತಂಬೂರಿ ಇಲ್ಲ. ಇದನ್ನು ದೂರಿನ ದನಿಯಲ್ಲಿ ಹೇಳುತ್ತಿಲ್ಲ. ಬಾಡಿಗೆ ಮನೆ, ಸಿಟಿ ಬಸ್ಸು, ಹಾಸ್ಟೆಲ್ ಕೋಣೆ ಇವುಗಳ ನಡುವೆ ಬದುಕುವವರು ಆಳೆತ್ತರದ ವಾದ್ಯವನ್ನು ಎಲ್ಲಿ ಇಟ್ಟುಕೊಳ್ಳಬೇಕು?

1902ರ ನವೆಂಬರಿನಿಂದ ಶುರು ಮಾಡೋಣ. ಆಗ ಕಲ್ಕತ್ತೆಗೆ ಬಂದಿದ್ದ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನ್ ಅವರ ಹಾಡನ್ನು ಧ್ವನಿಮುದ್ರಿಸಿದ. ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದ ಜರ್ಮನಿಯ ಹ್ಯಾನೋವರಿನವರಿಗೆ ಹಾಡಿದವರು ಯಾರೆಂದು ಗೊತ್ತಾಗಬೇಕಿತ್ತಲ್ಲ. ಅದೇ ಗೌಹರ್ ಜಾನ್ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಕಾಲದ ಧ್ವನಿಮುದ್ರಣಕ್ಕೆ ವಿದ್ಯುತ್ತಿರಲಿಲ್ಲ, ಮೈಕಿರಲಿಲ್ಲ. ಕಹಳೆಯಂಥ ಕೊಳವೆಯೊಂದರ ಬಾಯಿಗೆ ಮುಖ ಒಡ್ಡಿ ಜೋರಾಗಿ ಹಾಡಬೇಕು. ದನಿಯ ಒತ್ತಡ ನೇರವಾಗಿ ಸೂಜಿಯನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯುತ್ತಿತ್ತು. ಮೂರು ನಿಮಿಷದ ಚೂರಿನಲ್ಲಿ ರಾಗ ಮುಗಿಯಬೇಕು.

ಈ ಏರ್ಪಾಡಿನಲ್ಲಿ ತಂಬೂರಿಯ ಗತಿ ಏನು? ಅದರ ದನಿ ಮೆಲು. ಆ ಕೊಳವೆಗೆ ಸಿಗುವಷ್ಟು ಬಲ ಅದಕ್ಕಿಲ್ಲ. ಹಾರ್ಮೋನಿಯಂ, ಸಾರಂಗಿ, ತಬಲಾ ಹೇಗೋ ಉಳಿದುಕೊಂಡವು. ಹಳೆಯ ತಟ್ಟೆಗಳ ಧ್ವನಿಯನ್ನು ಇವತ್ತು ಅಂತರ್ಜಾಲದಲ್ಲಿ ಕೇಳುವಾಗ ನಾನು ಕಿವಿಗೊಟ್ಟು ತಂಬೂರಿಯನ್ನು ಹುಡುಕುತ್ತೇನೆ. ಗೀರಿನ ಸದ್ದಿನ ಹಿಂದೆ ಅದು ಹೆಚ್ಚಾಗಿ ಸಿಗುವುದಿಲ್ಲ. ಭಾರತದ ಸಂಗೀತವನ್ನು ಹಿಡಿದಿಟ್ಟ ಮೊದಲ ಯಂತ್ರ ಆ ಸಂಗೀತದ ನೆಲೆಗಟ್ಟನ್ನೇ ಕೇಳಿಸಿಕೊಳ್ಳಲಿಲ್ಲ. 1925ರ ಸುಮಾರಿಗೆ ಮೈಕಿನ ಮೂಲಕ ಧ್ವನಿಮುದ್ರಣ ಬಂದ ಮೇಲೆ ಈ ಸ್ಥಿತಿ ಬದಲಾಗತೊಡಗಿತು.

ಯಂತ್ರಕ್ಕೆ ಕೇಳದ್ದನ್ನು ಒಬ್ಬ ವಿಜ್ಞಾನಿ ಗಮನಿಸಿದರು. ಕಲ್ಕತ್ತೆಯಲ್ಲೇ ಇದ್ದ ಸಿ.ವಿ. ರಾಮನ್ 1921ರಲ್ಲಿ ನಮ್ಮ ತಂತಿವಾದ್ಯಗಳ ಬಗ್ಗೆ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಭೌತಶಾಸ್ತ್ರದಲ್ಲಿ ಒಂದು ಹಳೆಯ ನಿಯಮವಿದೆ. ತಂತಿಯನ್ನು ಯಾವ ಜಾಗದಲ್ಲಿ ಮೀಟುತ್ತೇವೋ, ಆ ಜಾಗದಲ್ಲಿ ಅಲುಗದೆ ನಿಲ್ಲಬೇಕಾದ ಉಪಸ್ವರಗಳು ಆ ದನಿಯಲ್ಲಿ ಇರಬಾರದು. ತಂಬೂರಿಯಲ್ಲೂ ವೀಣೆಯಲ್ಲೂ ಹಾಗೆ ಇರಬಾರದ ಉಪಸ್ವರಗಳು ಗಟ್ಟಿಯಾಗಿಯೇ ಕೇಳುತ್ತವೆ ಎಂದು ರಾಮನ್ ತೋರಿಸಿದರು. ಕಾರಣ ಕುದುರೆಯಲ್ಲಿದೆ. ಪಿಟೀಲಿನ ಕುದುರೆಯ ಅಂಚು ಚೂಪು, ತಂತಿ ಅದರ ಮೇಲೆ ಒಂದೇ ಬಿಂದುವಿನಲ್ಲಿ ಕೂರುತ್ತದೆ. ತಂಬೂರಿಯ ಕುದುರೆ ಅಗಲ, ಸ್ವಲ್ಪ ಉಬ್ಬು. ತಂತಿ ಕಂಪಿಸಿದಾಗಲೆಲ್ಲ ಅದರ ಮೈ ಸವರುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದೆಳೆ ದಾರ ಸಿಕ್ಕಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ದನಿ ಝೇಂಕರಿಸತೊಡಗುತ್ತದೆ. ಆ ದಾರಕ್ಕೆ ನಮ್ಮವರು ಜೀವಾಳಿ ಎಂದು ಹೆಸರಿಟ್ಟರು. ರಾಮನ್ ಅಳೆದದ್ದನ್ನು ಹೆಸರಿಲ್ಲದ ಕುಶಲಕರ್ಮಿಗಳು ಎಷ್ಟೋ ತಲೆಮಾರು ಮೊದಲೇ ಕೈಯಲ್ಲಿ ಕಂಡುಕೊಂಡಿದ್ದರು.

ಇನ್ನೊಂದು ಸಂಗತಿಯೂ ಇದೆ. ಮಂದ್ರ ಷಡ್ಜದ ತಂತಿಯನ್ನು ಚೆನ್ನಾಗಿ ಕೂಡಿಸಿದಾಗ, ಯಾರೂ ಮೀಟದ ಗಾಂಧಾರವೊಂದು ಅದರೊಳಗಿಂದ ತಾನಾಗಿ ಕೇಳುತ್ತದೆ. ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಅದು ಆ ತಂತಿಯ ಐದನೆಯ ಉಪಸ್ವರ. ಈ ಗಾಂಧಾರದ ವಿಷಯಕ್ಕೆ ಮತ್ತೆ ಬರುತ್ತೇನೆ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಒಂದು ರೇಡಿಯೋ ಕೇಂದ್ರ ಶುರು ಮಾಡಿದರು. ಅದಕ್ಕಿಟ್ಟ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ಮನುಷ್ಯರ ಇಂದ್ರಿಯಗಳು ಹೇಗೆ ಕೆಲಸ ಮಾಡುತ್ತವೆ ಎಂದು ಪ್ರಯೋಗಶಾಲೆಯಲ್ಲಿ ಅಭ್ಯಾಸ ಮಾಡಿದವರೊಬ್ಬರು ಕಣ್ಣಿಗೆ ಕಾಣದ ದನಿಯನ್ನು ಮನೆಮನೆಗೆ ಕಳಿಸುವ ಕೆಲಸಕ್ಕೆ ಕೈಹಾಕಿದ್ದು ಕಾಕತಾಳೀಯ ಎಂದು ನನಗೆ ತೋರುವುದಿಲ್ಲ. ರೇಡಿಯೋದಲ್ಲಿ ಹಾಡುಗಾರರ ಮುಖವಿಲ್ಲ, ಕೈಯಾಡಿಸುವುದಿಲ್ಲ, ಸೀರೆ ಪಂಚೆಗಳಿಲ್ಲ. ಇರುವುದು ದನಿ, ಅದರ ಕೆಳಗೆ ತಂಬೂರಿ. ಮೈಕಿನ ಪಕ್ಕದಲ್ಲಿ ಕೂತ ತಂಬೂರಿ ಮೊದಲ ಬಾರಿಗೆ ಊರಿಗೆಲ್ಲ ಕೇಳಿಸಿತು.

ಇದೇ ಹೊತ್ತಿಗೆ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಮೇಲೆ ನಿಷೇಧ ಹೇರಿತು. 1940ರಲ್ಲಿ ಬಂದ ಈ ನಿಷೇಧ ಸಡಿಲವಾಗಿದ್ದು 1971ರಲ್ಲಿ. ಪೇಟಿಯ ಮನೆಗಳು ಗಟ್ಟಿಯಾಗಿ ಕೂತಿರುವುದರಿಂದ ನಮ್ಮ ಗಮಕಗಳು, ಸೂಕ್ಷ್ಮ ಶ್ರುತಿಗಳು ಅದರಲ್ಲಿ ಬರುವುದಿಲ್ಲ ಎಂಬುದು ವಾದ. ರವೀಂದ್ರನಾಥ ಠಾಕೂರರೂ ಪೇಟಿಯ ವಿರೋಧಿಗಳೇ. ಪೇಟಿ ನುಡಿಸುವ ಎಷ್ಟೋ ಮಂದಿಗೆ ಇದರಿಂದ ಅನ್ಯಾಯವಾಯಿತು ಎಂಬುದು ನಿಜ. ಆದರೆ ಅದೇ ರೇಡಿಯೋ ತಂಬೂರಿ ಮೀಟುವವರನ್ನು ಸಂಬಳ ಕೊಟ್ಟು ನಿಲಯದ ಕಲಾವಿದರನ್ನಾಗಿ ಇಟ್ಟುಕೊಂಡಿತು. ಹಿಂದೆ ಕೂರುವ ಕೆಲಸಕ್ಕೆ ಹುದ್ದೆಯ ಮರ್ಯಾದೆ ಸಿಕ್ಕ ಅಪರೂಪದ ಕಾಲ ಅದು.

ಆ ಹಿಂದಿನ ಜಾಗ ನಿಜವಾಗಿ ಒಂದು ಶಾಲೆಯಾಗಿತ್ತು. ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತ ಗಂಗೂಬಾಯಿ ಹಾನಗಲ್ಲರ ಕತೆ ನಮಗೆಲ್ಲ ಗೊತ್ತು. ಮುಂದೆ ಅವರ ಕಚೇರಿಗಳಲ್ಲಿ ಮಗಳು ಕೃಷ್ಣಾ ಹಿಂದೆ ಕೂತು ದನಿಗೂಡಿಸುತ್ತಿದ್ದರು. ತಂಬೂರಿಯ ದಂಡಿಯನ್ನು ಕೆನ್ನೆಯ ಪಕ್ಕ ಇಟ್ಟುಕೊಂಡು ಎರಡು ಮೂರು ಗಂಟೆ ಕೂತರೆ, ಗುರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಯೋಚಿಸುತ್ತಾರೆ, ಎಲ್ಲಿ ತಡವರಿಸಿ ಸಾವರಿಸಿಕೊಳ್ಳುತ್ತಾರೆ ಎಲ್ಲವೂ ಬೆನ್ನ ಹಿಂದಿನಿಂದ ಕಾಣುತ್ತದೆ. ಫೀಸಿಲ್ಲದ ಪಾಠ ಅದು. ಎಷ್ಟೋ ಹೆಣ್ಣುಮಕ್ಕಳು ಜೀವಮಾನವಿಡೀ ಆ ಜಾಗದಲ್ಲೇ ಉಳಿದರು, ಮುಂದೆ ಬರಲಿಲ್ಲ ಎಂಬುದೂ ಅದೇ ಚರಿತ್ರೆಯ ಭಾಗ. ಅವರನ್ನು ಮರೆತು ಆ ಜಾಗವನ್ನು ಬರೀ ಹೊಗಳಿದರೆ ಸುಳ್ಳಾಗುತ್ತದೆ.

ತಂಬೂರಿಯ ಕತೆ ಆಧುನಿಕ ಕಲೆಯ ಕಡೆಗೂ ಹರಿಯಿತು. 1946ರಲ್ಲಿ ಗೀತಾ ಸಾರಾಭಾಯಿ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್ ಅವರಿಂದ ಪಾಶ್ಚಾತ್ಯ ಸಂಗೀತ ಕಲಿತು, ಬದಲಿಗೆ ನಮ್ಮ ಸಂಗೀತವನ್ನು ಕಲಿಸಿದರು. ಮನಸ್ಸನ್ನು ಶಾಂತಗೊಳಿಸುವುದೇ ಸಂಗೀತದ ಉದ್ದೇಶ ಎಂದು ತಮ್ಮ ಗುರು ಹೇಳಿದ್ದನ್ನು ಅವರು ಕೇಜ್‌ಗೆ ತಿಳಿಸಿದರು. ಆ ಮಾತನ್ನು ಕೇಜ್ ಕೊನೆಯವರೆಗೂ ನೆನೆಯುತ್ತಿದ್ದರು. ವಾದಕ ಒಂದು ಸ್ವರವನ್ನೂ ನುಡಿಸದ ಅವರ ಪ್ರಸಿದ್ಧ ಕೃತಿ ಬಂದದ್ದು 1952ರಲ್ಲಿ. 1969ರಲ್ಲಿ ಕೇಜ್ ಬಳಗದ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಮೂಗ್ ಸಿಂಥಸೈಜರ್ ಕೂರಿಸಿದರು. ಗೀತಾ ಸಾರಾಭಾಯಿ ಸೇರಿದಂತೆ ಕೆಲವರು 1972ರವರೆಗೆ ಅಲ್ಲಿ ಮಾಡಿದ ಪ್ರಯೋಗಗಳ ಟೇಪುಗಳು ಕಪಾಟಿನಲ್ಲಿ ದಶಕಗಳ ಕಾಲ ಮಲಗಿದ್ದು, 2023ರಲ್ಲಿ ಆಲ್ಬಮ್ಮಾಗಿ ಹೊರಬಂದವು.

ಅದೇ ಕಾಲದಲ್ಲಿ ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥ್ ಅಮೆರಿಕಕ್ಕೆ ಹೋದರು. 1970ರಲ್ಲಿ ಲಾ ಮಾಂಟೆ ಯಂಗ್, ಟೆರ್ರಿ ರೈಲಿ ಮುಂತಾದವರು ಅವರ ಶಿಷ್ಯರಾದರು. ಅಬ್ದುಲ್ ಕರೀಂ ಖಾನ್ ಮೂಲಕ ಮಿರಜ್, ಕುಂದಗೋಳ, ಹುಬ್ಬಳ್ಳಿಗಳಿಗೆ ಹರಿದ ಹೊಳೆಯ ಇನ್ನೊಂದು ಕವಲು ಅಬ್ದುಲ್ ವಹೀದ್ ಖಾನ್ ಮೂಲಕ ಮ್ಯಾನ್‌ಹ್ಯಾಟನ್ ಮುಟ್ಟಿತು. ಪ್ರಾಣನಾಥರ ತಂಬೂರಿಗಳ ದನಿಯನ್ನಷ್ಟೇ ಯಂಗ್ ಒಂದು ಧ್ವನಿಮುದ್ರಿಕೆಯಾಗಿ ಹೊರತಂದರು. ಅದರಲ್ಲಿ ಹಾಡುವವರಿಲ್ಲ, ತಾಳವಿಲ್ಲ. ಯಂಗ್ ಮತ್ತು ಮೇರಿಯನ್ ಝಾಝೀಲಾ 1993ರಲ್ಲಿ ನ್ಯೂಯಾರ್ಕಿನ ಚರ್ಚ್ ಸ್ಟ್ರೀಟಿನಲ್ಲಿ ತೆರೆದ 'ಡ್ರೀಮ್ ಹೌಸ್' ಎಂಬ ಕಲಾಕೃತಿಯಲ್ಲಿ ಬಣ್ಣದ ಬೆಳಕಿನ ಕೋಣೆಯೊಳಗೆ ಎಲೆಕ್ಟ್ರಾನಿಕ್ ಸ್ವರಗಳು ಎಡೆಬಿಡದೆ ಮೊಳಗುತ್ತವೆ. ಒಳಗೆ ಹೋದವರು ತಲೆ ತುಸು ಆಡಿಸಿದರೂ ಕೇಳುವ ದನಿ ಬದಲಾಗುತ್ತದೆ. ನಮ್ಮಲ್ಲಿ ಹಿನ್ನೆಲೆ ಎನಿಸಿಕೊಂಡದ್ದು ಅಲ್ಲಿ ಚಿತ್ರಶಾಲೆಯ ನಡುಮನೆಗೆ ಬಂದು ಕೂತಿತು.

ನಮ್ಮೂರುಗಳಲ್ಲಿ ಮಾತ್ರ ಬದಲಾವಣೆ ಬಂದದ್ದು ಒಂದು ಚಿಕ್ಕ ಡಬ್ಬದಲ್ಲಿ. ಬೆಂಗಳೂರಿನ ಎಂಜಿನಿಯರ್, ಸ್ವತಃ ಕೊಳಲು ನುಡಿಸುತ್ತಿದ್ದ ಜಿ. ರಾಜನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಮೊದಮೊದಲು ಇಂಥ ಪೆಟ್ಟಿಗೆಗಳೊಳಗೆ ದನಿ ಹುಟ್ಟಿಸುವ ಸರ್ಕಿಟ್ಟಿತ್ತು. ಆಮೇಲೆ ನಿಜವಾದ ತಂಬೂರಿಯ ದನಿಯನ್ನೇ ಚಿಪ್ಪಿನಲ್ಲಿ ತುಂಬಿಟ್ಟರು. ಗುಂಡಿ ತಿರುಗಿಸಿದರೆ ಒಂದು ಮನೆ ಶ್ರುತಿ, ಇನ್ನೂ ತಿರುಗಿಸಿದರೆ ಐದು ಮನೆ. ಮಳೆಗಾಲದಲ್ಲಿ ಬಿರಡೆ ಬಿಗಿಯುವ ಗೋಳಿಲ್ಲ, ತಂತಿ ಹರಿಯುವ ಭಯವಿಲ್ಲ. ಜೊತೆಗೆ ಇನ್ನೊಬ್ಬರು ಬೇಕೆಂದಿಲ್ಲ. ಸಾವಿರಾರು ಜನ ಒಬ್ಬರೇ ಕೂತು ಸಾಧಕ ಮಾಡುವುದು ಇದರಿಂದ ಸಾಧ್ಯವಾಯಿತು. ನನ್ನ ಸಂಗೀತದ ಟೀಚರ್ ಮದುವೆಯಾದ ಮೇಲೆ ತವರಿನ ತಂಬೂರಿಯನ್ನು ಅತ್ತೆಮನೆಗೆ ತರಲಾಗಲಿಲ್ಲವಂತೆ. ಅಡುಗೆಮನೆಯ ಕಪಾಟಿನಲ್ಲಿದ್ದ ಈ ಪೆಟ್ಟಿಗೆ ಇಲ್ಲದಿದ್ದರೆ ಹಾಡುವುದನ್ನೇ ಬಿಟ್ಟಿರುತ್ತಿದ್ದೆ ಎಂದು ಅವರು ಹೇಳುತ್ತಿದ್ದರು. ಯಂತ್ರ ಬಂದು ಪರಂಪರೆ ಕೆಟ್ಟಿತು ಎನ್ನುವವರಿಗೆ ನಾನು ಈ ಮಾತನ್ನು ನೆನಪಿಸುತ್ತೇನೆ.

ಹಾಗಿದ್ದರೆ ನನ್ನ ಕಳವಳ ಏನು? ಅದು ಆ ಗಾಂಧಾರದ್ದು. ಒಂದು ಸ್ಥಾಯಿಯನ್ನು 1200 ಭಾಗ ಮಾಡಿ, ಒಂದೊಂದು ಭಾಗವನ್ನು ಸೆಂಟ್ ಎಂದು ಕರೆಯುವ ಅಳತೆಯನ್ನು 19ನೇ ಶತಮಾನದಲ್ಲಿ ಅಲೆಕ್ಸಾಂಡರ್ ಎಲ್ಲಿಸ್ ರೂಢಿಗೆ ತಂದ. ತಂಬೂರಿಯೊಳಗಿಂದ ತಾನಾಗಿ ಹೊಮ್ಮುವ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ ಮೇಲಿದೆ. ಕೀಬೋರ್ಡಿನ ಗಾಂಧಾರ 400ರಲ್ಲಿದೆ. ಈಗ ಸ್ವರ ಸರಿಯಾಗಿದೆಯೇ ಎಂದು ಪರದೆಯ ಮೇಲೆ ಮುಳ್ಳು ಆಡಿಸಿ ತೋರಿಸುವ ಆ್ಯಪುಗಳಿವೆ. ಬೀದಿಯ ಮೂರನೆಯ ಮನೆಯ ಆ ಹುಡುಗಿ ಒಮ್ಮೆ ನನ್ನೆದುರು ಹಾಡಿ ತೋರಿಸಿದಳು. ಅವಳ ಗಾಂಧಾರ ಶ್ರುತಿಯಲ್ಲಿ ಸಕ್ಕರೆಯಂತೆ ಕರಗಿತ್ತು. ಪರದೆಯಲ್ಲಿ ಮುಳ್ಳು ಕೆಳಗೆ ಜಾರಿ ಕೆಂಪಾಯಿತು. "ನೋಡಿ ಅಂಕಲ್, ಇದೊಂದು ಸ್ವರ ಯಾವಾಗಲೂ ಕಮ್ಮಿ ಬರುತ್ತೆ ನಂದು," ಎಂದಳು. ನಾನು ಆ್ಯಪು ಮುಚ್ಚಿಸಿ, ಬರೀ ಶ್ರುತಿ ಹಾಕಿಸಿ, ಮತ್ತೆ ಹಾಡಲು ಹೇಳಿದೆ. "ಈಗ ನಿನಗೇನು ಕೇಳಿಸ್ತಮ್ಮ?" ಎಂದರೆ, "ಈಗ ಸರಿಯಾಗೇ ಇದೆ ಅನ್ನಿಸುತ್ತೆ. ಆದರೆ ಹೇಗೆ ಹೇಳೋದು?" ಎಂದು ಕೇಳಿದಳು.

ಅವಳ ಪ್ರಶ್ನೆಯಲ್ಲಿ ಈ ಇಡೀ ಚರಿತ್ರೆ ಬಂದು ನಿಂತಿದೆ. ತಂಬೂರಿ ಕೂಡಿಸಲು ಕಲಿತವರಿಗೆ ಆ ಪ್ರಶ್ನೆ ಏಳುವುದಿಲ್ಲ. ಬಿರಡೆ ತಿರುಗಿಸಿ, ಮಣಿ ಸರಿಸಿ, ದಾರ ಎಳೆದು, ಎರಡು ಷಡ್ಜಗಳ ನಡುವಿನ ಅಲೆ ನಿಧಾನವಾಗಿ ಸತ್ತುಹೋಗುವುದನ್ನು ಕಾದು ಕೇಳಿದ ಕಿವಿಗೆ ಸಾಕ್ಷಿ ಬೇಡ. ಯಂತ್ರ ನಮಗಾಗಿ ಶ್ರುತಿ ಹಿಡಿದು ಕೂರಲಿ, ಅಡ್ಡಿಯಿಲ್ಲ. ನಮಗಾಗಿ ಕೇಳಿಸಿಕೊಳ್ಳುವ ಕೆಲಸವನ್ನೂ ಅದು ವಹಿಸಿಕೊಂಡಾಗ ಏನೋ ಕಳೆದುಹೋಗುತ್ತದೆ. ಅದೂ ಎಲ್ಲೋ ಬೇರೆ ಸಂಗೀತಕ್ಕೆಂದು ಗೆರೆ ಎಳೆದ ಅಳತೆಪಟ್ಟಿ ಹಿಡಿದಿರುವ ಯಂತ್ರ.

ಮಿರಜಿನ ಕುಶಲಕರ್ಮಿಗಳು ಮಾಡುವ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸಂತೋಷ. ಮನೆಗೊಂದು ತಂಬೂರಿ ಕೊಳ್ಳಿರೆಂದು ಯಾರಿಗೂ ಹೇಳಲಾಗದು. ಆದರೆ ಊರಿನ ಒಂದೊಂದು ಸಂಗೀತ ಶಾಲೆಯಲ್ಲಿ ಒಂದಾದರೂ ಇರಲಿ, ವಾರಕ್ಕೊಮ್ಮೆ ಮಕ್ಕಳೇ ಅದನ್ನು ಕೂಡಿಸಲಿ, ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ. ನಮ್ಮ ಬೀದಿಯ ಹುಡುಗಿಯನ್ನು ಬರುವ ಭಾನುವಾರ ಪರಿಚಯದವರೊಬ್ಬರ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಲ್ಲೊಂದು ಹಲಸಿನ ಮರದ ಹಳೆಯ ತಂಬೂರಿಯಿದೆ. ಒಂದು ತಂತಿ ಹೋಗಿದೆಯಂತೆ, ಹೊಸದು ತರಲು ಹೇಳಿದ್ದಾರೆ.