ಬಸವನಹುಳು ಕಲಿಸಿದ ಪಾಠ

ಮಗಳು ಬಿ.ಕಾಂ. ಓದುತ್ತಿದ್ದಾಗ ಒಂದು ರಾತ್ರಿ ವ್ಯವಹಾರ ಕಾನೂನಿನ ಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು. "ಅಮ್ಮಾ, ಈ ಟಾರ್ಟ್ ಅನ್ನೋದು ತಲೆಗೇ ಹತ್ತುತ್ತಿಲ್ಲ" ಎಂದಳು. ನಾನು ಮಕ್ಕಳಿಗೆ ಇತಿಹಾಸ ಹೇಳುವವಳು, ಕಾನೂನು ನನಗೇನು ಗೊತ್ತು? ಆದರೂ ಬೇಳೆ ಬೇಯುವಷ್ಟು ಹೊತ್ತು ಇಬ್ಬರೂ ಕೂತು ಓದಿದೆವು. ಟಾರ್ಟಿಗೆ ಕನ್ನಡದಲ್ಲಿ ಅಪಕೃತ್ಯ ಎನ್ನುತ್ತಾರೆ. ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗೆ ಹಾನಿಯಾದರೆ, ಅವರ ನಡುವೆ ಯಾವ ಕರಾರೂ ಇಲ್ಲದಿದ್ದರೂ, ನೊಂದವರು ಪರಿಹಾರ ಕೇಳಬಹುದೆನ್ನುವ ಕಾನೂನು ಅದು. ಆ ಪುಸ್ತಕದಲ್ಲೇ ನನಗೆ ಮೇ ಡೊನೊಹ್ಯೂ ಎಂಬ ಹೆಂಗಸಿನ ಪರಿಚಯವಾಯಿತು.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಬಡ ಹೆಂಗಸು ಆಕೆ. ಅಂಗಡಿಯೊಂದರಲ್ಲಿ ಕೆಲಸ. ಗಂಡನಿಂದ ದೂರವಾಗಿದ್ದಳು. ಹೆತ್ತ ನಾಲ್ಕು ಮಕ್ಕಳಲ್ಲಿ ಉಳಿದವನು ಒಬ್ಬನೇ. 1928ರ ಆಗಸ್ಟ್ 26ರಂದು ಹತ್ತಿರದ ಪೇಸ್ಲಿ ಊರಿನ ಹೋಟೆಲಿನಲ್ಲಿ ಗೆಳತಿ ಆಕೆಗೆ ಐಸ್‌ಕ್ರೀಮಿನ ಜೊತೆ ಜಿಂಜರ್ ಬೀರ್ ಕೊಡಿಸಿದಳು. ಬೀರ್ ಎಂದು ಗಾಬರಿಯಾಗಬೇಡಿ, ಅದು ಶುಂಠಿಯ ಪಾನೀಯ. ಬಾಟಲಿ ಕಪ್ಪು ಗಾಜಿನದು, ಒಳಗಿರುವುದು ಕಾಣದು. ಅರ್ಧ ಕುಡಿದ ಮೇಲೆ ಉಳಿದದ್ದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳು ಜಾರಿ ಬಿತ್ತೆಂದು ಆಕೆಯ ದೂರು. ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರಬೇಕಾಯಿತು.

ಇಲ್ಲಿವರೆಗೆ ಓದಿದಾಗ ನನ್ನ ಕೈ ತಾನಾಗಿ ನಿಂತಿತು. ನನ್ನ ಮಗನಿಗೆ ಐದು ವರ್ಷವಿದ್ದಾಗ ತಂಗಿ ತಂದುಕೊಟ್ಟ ಶರಬತ್ತಿನ ಬಾಟಲಿಯಲ್ಲಿ ಸತ್ತ ಜಿರಳೆ ಸಿಕ್ಕಿತ್ತು. ಮಗು ಎರಡು ದಿನ ವಾಂತಿ ಮಾಡಿಕೊಂಡಿತು. ಅಂಗಡಿಯವನು, "ಮುಚ್ಚಳ ಹಾಕಿ ಬಂದದ್ದು, ಹಾಗೇ ಕೊಟ್ಟೆ ಅಕ್ಕಾ, ನಾನೇನು ಇಣುಕಿ ನೋಡಿದೆನಾ?" ಎಂದ. ನಾನು ದುಡ್ಡು ಕೊಟ್ಟವಳೂ ಅಲ್ಲವಲ್ಲ ಎಂದುಕೊಂಡು ಬಾಟಲಿಯನ್ನು ತಿಪ್ಪೆಗೆ ಎಸೆದು ಸುಮ್ಮನಾದೆ.

ಡೊನೊಹ್ಯೂ ಸುಮ್ಮನಾಗಲಿಲ್ಲ. ದುಡ್ಡು ಕೊಟ್ಟವಳು ಗೆಳತಿ, ಹೋಟೆಲಿನವನೊಡನೆ ಈಕೆಗೆ ಕರಾರಿಲ್ಲ. ಹಾಗಾಗಿ ಪಾನೀಯ ತಯಾರಿಸಿದ ಡೇವಿಡ್ ಸ್ಟೀವನ್ಸನ್ ಮೇಲೆಯೇ 500 ಪೌಂಡ್ ಪರಿಹಾರಕ್ಕೆ ದಾವೆ ಹೂಡಿದಳು. ಆಕೆಯ ವಕೀಲ ವಾಲ್ಟರ್ ಲೀಚ್‌ಮನ್ ಕೆಲವೇ ವಾರಗಳ ಹಿಂದೆ ಇಂಥದೇ, ಬಾಟಲಿಯಲ್ಲಿ ಇಲಿ ಸಿಕ್ಕ ಮೊಕದ್ದಮೆ ಸೋತಿದ್ದ. ಆದರೂ ಹಿಂಜರಿಯಲಿಲ್ಲ. ಮೊದಲು ಗೆಲುವು, ಮೇಲ್ಮನವಿಯಲ್ಲಿ ಸೋಲು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತೇವೆ. ಈಕೆ ಮಾತ್ರ, ತನ್ನ ಬಳಿ ಐದು ಪೌಂಡ್ ಬಾಳುವ ಆಸ್ತಿಯೂ ಇಲ್ಲವೆಂದು ಪ್ರಮಾಣ ಮಾಡಿ, ಬಡವರಿಗಿದ್ದ ರಿಯಾಯಿತಿಯಲ್ಲಿ ಬ್ರಿಟನ್ನಿನ ಲಾರ್ಡ್ಸ್ ಸಭೆಯವರೆಗೆ ಹೋದಳು.

1932ರ ಮೇ 26ರಂದು ಐವರು ನ್ಯಾಯಾಧೀಶರಲ್ಲಿ ಮೂವರು ಆಕೆಯ ಪರ ನಿಂತರು. ಲಾರ್ಡ್ ಆಟ್ಕಿನ್ ಬೈಬಲ್ಲಿನ ಹಳೆಯ ಪ್ರಶ್ನೆಯನ್ನೇ ಎತ್ತಿಕೊಂಡರು: ನನ್ನ ನೆರೆಯವರು ಯಾರು? ನನ್ನ ಕೆಲಸದಿಂದ ಯಾರಿಗೆ ನೇರವಾಗಿ ತೊಂದರೆಯಾದೀತೆಂದು ನಾನು ಮೊದಲೇ ಯೋಚಿಸಬೇಕೋ, ಅವರೇ ಕಾನೂನಿನ ಕಣ್ಣಿಗೆ ನೆರೆಯವರು ಎಂದರು. ಮಗಳ ಪರೀಕ್ಷೆಗೆ ಬೇಕಾದದ್ದೂ ಅಷ್ಟೆ. ಎಚ್ಚರ ವಹಿಸುವ ಕರ್ತವ್ಯ ಇರಬೇಕು, ಅದರಲ್ಲಿ ತಪ್ಪಿರಬೇಕು, ಆ ತಪ್ಪಿನಿಂದಲೇ ಹಾನಿಯಾಗಿರಬೇಕು. ಆಗ ಅದು ನಿರ್ಲಕ್ಷ್ಯದ ಅಪಕೃತ್ಯ.

ತಮಾಷೆಯೆಂದರೆ, ಬಾಟಲಿಯಲ್ಲಿ ಹುಳು ಇದ್ದದ್ದು ಕೊನೆಗೂ ಸಾಬೀತಾಗಲಿಲ್ಲ. ದೂರು ನಿಜವಾದರೆ ತಯಾರಕನಿಗೆ ಹೊಣೆಯುಂಟೇ ಎಂದಷ್ಟೇ ಲಾರ್ಡ್ಸ್ ತೀರ್ಮಾನಿಸಿತ್ತು. ಆಮೇಲೆ ಸ್ಟೀವನ್ಸನ್ ತೀರಿಕೊಂಡ, ಮೊಕದ್ದಮೆ ರಾಜಿಯಲ್ಲಿ ಮುಗಿಯಿತು.

ನಮ್ಮಲ್ಲಿ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ, ಕೊಂಡವರ ಒಪ್ಪಿಗೆಯಿಂದ ಬಳಸುವವರನ್ನೂ ಗ್ರಾಹಕರೆಂದು ಎಣಿಸಿತ್ತು. ಅದರ ಜಾಗಕ್ಕೆ ಬಂದ 2019ರ ಕಾಯ್ದೆಯಲ್ಲಿ ತಯಾರಕರ ಹೊಣೆಗೆ ಒಂದು ಅಧ್ಯಾಯವೇ ಇದೆ. ನಾನು ಬಾಟಲಿ ಎಸೆದ ದಿನವೂ ಕಾಯ್ದೆ ಇತ್ತು, ತಿಳಿವಳಿಕೆ ಇರಲಿಲ್ಲ.

ಈಗ ಶಾಲೆಯಲ್ಲಿ ಬಿಸಿಯೂಟ ಬಡಿಸುವ ಮುನ್ನ ಸಾರಿನ ರುಚಿ ನೋಡುವ ಸರದಿ ನನ್ನದಾದಾಗ ಮೊದಲಿನಂತೆ ಶಾಸ್ತ್ರಕ್ಕೆ ನಾಲಿಗೆಗೆ ತಗುಲಿಸಿ ಬರುವುದಿಲ್ಲ. ಪಾತ್ರೆಯ ತಳದವರೆಗೂ ಸೌಟು ಆಡಿಸಿ ನೋಡುತ್ತೇನೆ. ತಟ್ಟೆ ಹಿಡಿದು ಸಾಲಾಗಿ ಕೂತ ಆ ಮಕ್ಕಳು ಊಟಕ್ಕೆ ಕಾಸು ಕೊಟ್ಟವರಲ್ಲ, ನನ್ನೊಡನೆ ಕರಾರು ಮಾಡಿಕೊಂಡವರೂ ಅಲ್ಲ. ನನ್ನ ನೆರೆಯವರು, ಅಷ್ಟೆ.