ಬೇಡಿದ ಮೇಲಿನ ಭರವಸೆ: ಸಂತ ಇಗ್ನೇಷಿಯಸರ ನಲವತ್ತು ದಿನಗಳು (1544)

ದೇವರಲ್ಲಿ ಜ್ಞಾನವನ್ನು ಬೇಡುವವನು ಸಂಶಯಪಡದೆ ಬೇಡಬೇಕೆಂಬುದು ಯಕೋಬನ ಪತ್ರದ ಬೋಧನೆ (1:5–8). ಸಂಶಯಪಡುವವನನ್ನು ಅಲ್ಲಿ ಗಾಳಿಗೆ ಸಿಕ್ಕಿದ ಕಡಲಿನ ಅಲೆಗೆ ಹೋಲಿಸಲಾಗಿದೆ. ಅವನನ್ನು ಸೂಚಿಸುವ ಗ್ರೀಕ್ ಪದ ‘ದಿಪ್ಸುಖೋಸ್’, ಅಂದರೆ ಎರಡು ಮನಸ್ಸಿನವನು. ಎರಡನೆಯ ಶತಮಾನದ ರೋಮಿನ ಕ್ರೈಸ್ತರ ನಡುವೆ ರೂಪುಗೊಂಡ ‘ಹೆರ್ಮಾಸನ ಕುರುಬ’ ಎಂಬ ಕೃತಿಯ ಒಂಬತ್ತನೆಯ ಆಜ್ಞೆಯ ವಿಷಯವೂ ಈ ಇಬ್ಬಗೆಯ ಮನಸ್ಸೇ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಬೇಡಿ, ವಿಚಾರಮಾಡಿ, ಉತ್ತರ ಸ್ಪಷ್ಟವಾದ ಮೇಲೂ ಮತ್ತೆ ಮತ್ತೆ ಗುರುತುಗಳನ್ನು ಕೇಳುವುದು ಭಕ್ತಿಯೋ ಸಂಶಯವೋ? ಧರ್ಮಸಭೆಯ ಇತಿಹಾಸದಲ್ಲಿ ಈ ಪ್ರಶ್ನೆಯನ್ನು ದಿನದಿನವೂ ದಾಖಲಿಸಿಕೊಂಡು ಎದುರಿಸಿದವರಲ್ಲಿ ಲೊಯೋಲಾದ ಸಂತ ಇಗ್ನೇಷಿಯಸರು ಪ್ರಮುಖರು.

1540ರಲ್ಲಿ ಪೋಪ್ ಮೂರನೆಯ ಪೌಲರು ಯೇಸುಸಭೆಗೆ ಮಾನ್ಯತೆ ನೀಡಿದರು. ಮರುವರ್ಷ ಇಗ್ನೇಷಿಯಸರು ಅದರ ಮಹಾಶ್ರೇಷ್ಠರಾಗಿ ಆಯ್ಕೆಯಾದರು. ಅದೇ 1541ರಲ್ಲಿ ಸಂಗಡಿಗರು ಮಾಡಿಕೊಂಡ ನಿಯಮಗಳಲ್ಲಿ, ವ್ರತಸ್ಥರಿಗೆ ಸ್ಥಿರ ವರಮಾನ ಇರಬಾರದೆಂದಿದ್ದರೂ, ದೇವಾಲಯದ ಸಕ್ರಿಸ್ತಿಯ ವೆಚ್ಚಕ್ಕೆ ಅದನ್ನು ಪಡೆಯಲು ಅವಕಾಶವಿತ್ತು. ನಿಯಮಾವಳಿಯನ್ನು ರಚಿಸುವ ಹೊಣೆ ಹೊತ್ತ ಇಗ್ನೇಷಿಯಸರಿಗೆ ಈ ಅವಕಾಶವು ಸುವಾರ್ತೆಯ ಬಡತನಕ್ಕೆ ಒಪ್ಪುವುದೇ ಎಂಬ ಪ್ರಶ್ನೆ ಎದುರಾಯಿತು. ಅವರು ಮೊದಲು ಪರ ವಿರೋಧ ಕಾರಣಗಳನ್ನು ಬರೆದು ತೂಗಿದರು. ಬಳಿಕ 1544ರ ಫೆಬ್ರವರಿ 2ರಿಂದ ಪ್ರತಿದಿನದ ಬಲಿಪೂಜೆ, ಪ್ರಾರ್ಥನೆ ಮತ್ತು ಅಂತರಂಗದ ಚಲನೆಗಳನ್ನು ತಮ್ಮ ಆಧ್ಯಾತ್ಮಿಕ ದಿನಚರಿಯಲ್ಲಿ ಗುರುತಿಸತೊಡಗಿದರು.

ಈ ದಿನಚರಿಯ ವಿಶೇಷವೆಂದರೆ, ನಿರ್ಧಾರವು ಬೇಗನೆ ಮೂಡಿದರೂ ಪ್ರಾರ್ಥನೆ ನಿಲ್ಲಲಿಲ್ಲ. ಸ್ಥಿರ ವರಮಾನವೇ ಬೇಡವೆಂಬ ಆಯ್ಕೆಯನ್ನು ಅವರು ಮೊದಲ ದಿನಗಳಲ್ಲಿಯೇ ದೇವರಿಗೆ ಅರ್ಪಿಸಿದ್ದರು. ಆದರೂ ದೃಢೀಕರಣಕ್ಕಾಗಿ ತ್ರಿಯೇಕ ದೇವರ, ಮರಿಯಮ್ಮನವರ, ಯೇಸುನಾಮದ ಬಲಿಪೂಜೆಗಳನ್ನು ಅರ್ಪಿಸುತ್ತಲೇ ಹೋದರು. ಕೆಲವು ದಿನ ಕಣ್ಣೀರಿನ ಸಾಂತ್ವನ, ಕೆಲವು ದಿನ ಬರಡುತನ. ನಿರೀಕ್ಷಿಸಿದ ದೃಢೀಕರಣ ದೊರೆಯದಿದ್ದಾಗ ಪರಮ ತ್ರಿತ್ವದ ಮೇಲೆಯೇ ತಮಗೆ ಅಸಮಾಧಾನ ಹುಟ್ಟಿತೆಂಬುದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ.

ಮಾರ್ಚ್ 12ರಂದು, ಅಂದರೆ ನಲವತ್ತನೆಯ ದಿನ, ವಿಷಯವು ಕೊನೆ ಮುಟ್ಟಿತು. ಅಂದು ಬಲಿಪೂಜೆಯ ನಂತರವೂ ಅವರ ಮನಸ್ಸು ಬರಡಾಗಿತ್ತು. ಇಲ್ಲಿಗೇ ಮುಗಿಸಬೇಕೋ, ಇನ್ನಷ್ಟು ಬಲಿಪೂಜೆಗಳ ಮೂಲಕ ಗುರುತನ್ನು ಹುಡುಕಬೇಕೋ ಎಂಬ ತೊಳಲಾಟ ಉಂಟಾಯಿತು. ಆಗ ಅವರಿಗೆ ಹೊಳೆದದ್ದು ಇದು: ವಿಷಯವು ಆಗಲೇ ಸ್ಪಷ್ಟವಾಗಿದೆ, ತಾವು ಅರಸುತ್ತಿರುವುದು ನಿಶ್ಚಯವನ್ನಲ್ಲ, ಮುಕ್ತಾಯವು ತಮ್ಮ ರುಚಿಗೆ ತಕ್ಕಂತೆ ಸಿಹಿಯಾಗಿರಲೆಂಬ ತೃಪ್ತಿಯನ್ನು. ಸಾಂತ್ವನ ದೊರೆಯದಿದ್ದರೂ ಮುಗಿಸುವುದೇ ದೇವರಿಗೆ ಮೆಚ್ಚುಗೆಯೆಂದು ಅವರು ಒಪ್ಪಿಕೊಂಡಾಗ ಕತ್ತಲು ಸರಿಯತೊಡಗಿತು. ಅನಂತರ ಶೋಧಕನು ಮತ್ತೆ ಸಂಶಯವನ್ನು ತಂದಾಗ, ಸೋತವನಿಗೆ ಹೇಳುವಂತೆ, ನಿನ್ನ ಸ್ಥಳಕ್ಕೆ ಹೋಗೆಂದು ಗದರಿದರು. ಅಲ್ಲಿಗೆ ಆ ವಿಚಾರಣೆ ಮುಗಿಯಿತು.

ಈ ಘಟನೆಯ ಬೇರು 1522ರ ಮನ್ರೇಸಾದಲ್ಲಿದೆ. ಅಲ್ಲಿ ಅವರು ಹಿಂದಿನ ಪಾಪಗಳನ್ನು ಪೂರ್ಣವಾಗಿ ನಿವೇದಿಸಿಲ್ಲವೆಂಬ ಶಂಕೆಯಿಂದ ಮರಳಿ ಮರಳಿ ಪಾಪನಿವೇದನೆ ಮಾಡುತ್ತಿದ್ದರು. ಬಿಡುಗಡೆಗಾಗಿ ಒಂದು ವಾರ ಅನ್ನವನ್ನೂ ತೊರೆದರು. ಗುರುವಿನ ಆಜ್ಞೆಯಂತೆ ಉಪವಾಸವನ್ನು ಬಿಟ್ಟರು. ಕೊನೆಗೆ ಹಿಂದಿನದನ್ನು ಇನ್ನು ನಿವೇದಿಸುವುದಿಲ್ಲವೆಂದು ತೀರ್ಮಾನಿಸಿದಾಗಲೇ ಶಂಕೆ ತೊಲಗಿತು. ಅಲ್ಲಿ ದೇವರ ಕ್ಷಮೆಯ ಬಗೆಗಿನ ಶಂಕೆ, ಇಲ್ಲಿ ದೇವರ ಬೆಳಕಿನ ಬಗೆಗಿನ ಶಂಕೆ. ಎರಡರಲ್ಲಿಯೂ ದೇವರು ಕೊಟ್ಟದ್ದು ಸಾಲದೆಂಬ ಭಾವ ಅಡಗಿತ್ತು. ಎರಡೂ ಭಕ್ತಿಯ ಉಡುಪನ್ನೇ ತೊಟ್ಟು ಬಂದವು.

ಹಾಗಾದರೆ ದೃಢೀಕರಣವನ್ನು ಬೇಡುವುದೇ ತಪ್ಪೇ? ಅಲ್ಲ. ಆಯ್ಕೆಯನ್ನು ದೇವರಿಗೆ ಅರ್ಪಿಸಿ, ಅವರು ಸ್ವೀಕರಿಸಿ ದೃಢಪಡಿಸಲೆಂದು ಬೇಡಬೇಕೆಂದು ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಯೇ ವಿಧಿಸುತ್ತದೆ. ಭರವಸೆ ಎಂದರೆ ಹಟವೂ ಅಲ್ಲ. ಇಗ್ನೇಷಿಯಸರು ಕಾರಣಗಳನ್ನು ತೂಗಿದರು. 1541ರಲ್ಲಿ ಒಪ್ಪಿಕೊಂಡಿದ್ದನ್ನೇ ಮರುಪರಿಶೀಲಿಸಿದರು. 1556ರಲ್ಲಿ ಮರಣ ಹೊಂದುವವರೆಗೂ ನಿಯಮಾವಳಿಯನ್ನು ತಿದ್ದುತ್ತಿದ್ದರು. 1558ರಲ್ಲಿ ಮಹಾಸಭೆಯು ಅದನ್ನು ಅಂಗೀಕರಿಸಿತು. ಅವರ ಭರವಸೆಯು ತಮ್ಮ ತೀರ್ಮಾನ ದೋಷರಹಿತವೆಂಬುದರ ಮೇಲೆ ನಿಂತಿರಲಿಲ್ಲ. ಪ್ರಾಮಾಣಿಕವಾಗಿ ಬೇಡುವವನನ್ನು ದೇವರು ಕತ್ತಲಲ್ಲಿ ಕೈಬಿಡರು ಎಂಬುದರ ಮೇಲೆ ನಿಂತಿತ್ತು. ಯಕೋಬನ ಪತ್ರವೂ ಬೇಡುವವನ ಜಾಣ್ಮೆಯನ್ನು ಹೊಗಳದೆ, ಹಂಗಿಸದೆ ಕೊಡುವ ದೇವರ ಔದಾರ್ಯದಿಂದಲೇ ಮಾತನ್ನು ಆರಂಭಿಸುತ್ತದೆ.

ಗುರುದೀಕ್ಷೆಯ ಹೊಸ್ತಿಲಲ್ಲಿರುವ ವಿದ್ಯಾರ್ಥಿಗೂ ಧರ್ಮಕೇಂದ್ರದ ಹೊಣೆ ಹೊತ್ತ ಗುರುವಿಗೂ ಈ ನಲವತ್ತು ದಿನಗಳು ಉಪಯುಕ್ತ ಪಾಠ. ಕರೆಯನ್ನು ಪರೀಕ್ಷಿಸಲು ಕಾಲವಿದೆ. ಹಿರಿಯರ ಸಲಹೆ, ವಿವೇಕ, ಪ್ರಾರ್ಥನೆ ಎಲ್ಲವೂ ಬೇಕು. ಅವುಗಳಿಂದ ದಾರಿ ಸ್ಪಷ್ಟವಾದ ಮೇಲೂ ಇನ್ನೊಂದು ಗುರುತಿಗಾಗಿ ಕಾಯುವವನು ತಾನು ಅರಸುವುದು ದೇವರ ಚಿತ್ತವನ್ನೋ ತನ್ನ ನೆಮ್ಮದಿಯನ್ನೋ ಎಂದು ಕೇಳಿಕೊಳ್ಳಬೇಕು. ಸಾಂತ್ವನವು ದೇವರ ವರ. ಅದು ಬಾರದ ದಿನವೂ ಕಂಡ ದಾರಿಯಲ್ಲಿ ನಡೆಯುವುದು ವಿಶ್ವಾಸಿಯ ಕರ್ತವ್ಯ.